ಹೆಜ್ಜೆಯ ಸದ್ದು ಬಿಟ್ಟುಹೋಗುವ ಜಾಗ

ಹದಿನೇಳನೆಯ ಪುಟದ ಮೂರನೆಯ ಸಾಲನ್ನು ಅವಳು ಐದನೆಯ ಸಲ ಓದಿದಳು. ಬೆಂಕಿ ಆರಿಸುವ ಸಿಲಿಂಡರನ್ನು ಗೋಡೆಯಿಂದ ಹೇಗೆ ಇಳಿಸಿಕೊಳ್ಳಬೇಕು ಎಂದು ಹೇಳುವ ಸಾಲು ಅದು. ತಪ್ಪಿದೆಯೋ ಇಲ್ಲವೋ ತಿಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಇದೇ ಪ್ರೆಸ್ಸಿನಲ್ಲಿ, ಇದೇ ಕಿಟಕಿಗೆ ಬೆನ್ನು ಹಾಕಿ ಕೂತು ಬೇರೆಯವರು ಬರೆದದ್ದರ ಕರಡು ತಿದ್ದಿದ ಕಣ್ಣು ಅವಳದು. ಬಸ್ ಟಿಕೆಟ್ಟಿನಲ್ಲೂ ಔಷಧದ ಚೀಟಿಯಲ್ಲೂ ತಪ್ಪು ಹುಡುಕದೆ ಸುಮ್ಮನಿರದ ಕಣ್ಣು. ಇವತ್ತು ಅದು ಅಕ್ಷರಗಳ ಮೇಲೆ ಸುಮ್ಮನೆ ಹರಿದುಹೋಗುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ಮೇಜಿನ ಡ್ರಾಯರಿನಲ್ಲಿ ಫೋನಿತ್ತು. ಯಾರೋ ಗುರುತಿಲ್ಲದವರು ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಅವಳಿಗೆ ಬರೆದ ಒಂದು ಪ್ರಶ್ನೆ ಅದರಲ್ಲಿತ್ತು. ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದಳು. ಇಳಿಯುವ ಸ್ಟಾಪು ದಾಟಿ ಮುಂದಿನದರಲ್ಲಿ ಇಳಿದು ನಡೆದು ಬಂದಿದ್ದಳು. ಪ್ರಶ್ನೆಯಲ್ಲಿ ಒಂದಾದರೂ ಕಟುವಾದ ಮಾತಿದ್ದಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಬೈದಿದ್ದರೆ ತಿರುಗಿಸಿ ಎರಡು ಮಾತು ಆಡಬಹುದಿತ್ತು.

"ಏನಕ್ಕಾ, ಇನ್ನೂ ಬೆಂಕಿ ಆರ್ಲಿಲ್ವಾ?" ಎಂದ, ಪಕ್ಕದ ಮೇಜಿನಲ್ಲಿ ಕಂಪ್ಯೂಟರಿನ ಮುಂದೆ ಪುಟ ಕಟ್ಟುವವನು. ಹದಿನೇಳನೆಯ ಪುಟಕ್ಕಾಗಿ ಅವನು ಕಾದು ಕೂತಿದ್ದ. "ಆರ್ತಾ ಇದೆ, ತಾಳು" ಎಂದಳು. ದನಿ ಒರಟಾಯಿತು. ಅವನು ಮುಖ ತಿರುಗಿಸಿಕೊಂಡ. ಹೀಗೆ ಮುಖ ತಿರುಗಿಸಿಕೊಂಡವರು ಅವಳ ಬದುಕಿನಲ್ಲಿ ಎಷ್ಟೋ ಜನ. ಮಾತಾಡುವವರ ಮಾತನ್ನು ನಡುವೆ ತಡೆದು ತಿದ್ದುವ ಚಾಳಿ ಅವಳಿಗೆ ಯಾವಾಗ ಅಂಟಿತೋ ಗೊತ್ತಿಲ್ಲ. ಅತ್ತಿಗೆ ಮೊದಮೊದಲು ಅತ್ತಿದ್ದಳು, ಆಮೇಲೆ ನಗಲು ಕಲಿತಳು. ಅಣ್ಣ ಮಾತ್ರ ಎಂದೂ ಏನೂ ಅಂದಿರಲಿಲ್ಲ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು ಅವನು. ಹಿಂದಿನಿಂದ ಎಷ್ಟು ಹಾರ್ನ್ ಹೊಡೆದರೂ ತನ್ನ ವೇಗದಲ್ಲೇ ಹೋಗುವುದು ಅವನಿಗೆ ರೂಢಿಯಾಗಿತ್ತು. ಆ ಅಣ್ಣ ನಿನ್ನೆ ಸಂಜೆ ಟ್ಯಾಕ್ಸಿಯಿಂದ ಇಳಿದಾಗ ಅವನ ಮೊಣಕೈಯನ್ನು ಯಾರೋ ಕಾವಲುಗಾರ ಹಿಡಿದುಕೊಂಡಿದ್ದ. ಬಲ ಅಂಗೈ ಸುಲಿದಿತ್ತು. ಪ್ಯಾಂಟಿನ ಮೊಣಕಾಲು ಹರಿದಿತ್ತು. ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ನಾಚಿಕೆ ಇತ್ತು.

ಕಣ್ಣು ಹೋಗಿ ಅವನಿಗೆ ಮೂರು ವರ್ಷ. ಒಮ್ಮೆಲೇ ಹೋಗಲಿಲ್ಲ, ಅಂಚಿನಿಂದ ಒಳಗೆ ಒಂದೊಂದೇ ಬೆರಳಿನಷ್ಟು ಹೋಯಿತು. ಎರಡು ವರ್ಷ ಕೋಣೆ ಬಿಟ್ಟು ಕದಲದವನನ್ನು ಅತ್ತಿಗೆಯೇ ಬೆನ್ನು ಬಿದ್ದು ತರಬೇತಿಗೆ ಕಳಿಸಿದ್ದಳು. ಬಿಳಿ ಕೋಲು ಹಿಡಿಯುವುದು, ಗೋಡೆಯ ಜತೆ ನಡೆಯುವುದು, ಫೋನು ಗಟ್ಟಿಯಾಗಿ ಓದುವುದನ್ನು ಒಂದು ಕಿವಿಯಲ್ಲಿ ಕೇಳುತ್ತ ಇನ್ನೊಂದು ಕಿವಿಯನ್ನು ರಸ್ತೆಗೆ ಕೊಡುವುದು, ಎಲ್ಲ ಕಲಿತ. ಅಂಚೆ ಕಚೇರಿಯ ಬಸ್ ಸ್ಟಾಪಿನಿಂದ ಈಜುಕೊಳದವರೆಗಿನ ದಾರಿಯನ್ನು ತರಬೇತಿಯ ಮೇಷ್ಟರ ಜತೆ ನಾಲ್ಕು ಸಲ ನಡೆದಿದ್ದ. ನಿನ್ನೆ ಮೊದಲ ಸಲ ಒಬ್ಬನೇ ಹೋಗಿದ್ದ. ನೀರಿನಲ್ಲಿ ಯಾವುದಕ್ಕೂ ಡಿಕ್ಕಿ ಹೊಡೆಯುವ ಭಯವಿಲ್ಲ ಎಂದು ಈಜಿನ ಆಸೆ ಅವನಿಗೆ. ಆದರೆ ಕೊಳ ಮುಟ್ಟಲಿಲ್ಲ. ದಾರಿಯಲ್ಲಿ ಒಂದು ದೊಡ್ಡ ಕಟ್ಟಡದ ಗೋಡೆಯನ್ನು ಕೋಲಿನಿಂದ ತಡವುತ್ತ ಹೋದವನು, ಗೋಡೆ ತಿರುಗಿದ ಕಡೆ ತಾನೂ ತಿರುಗಿ, ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ಇಳಿಜಾರಿನಲ್ಲಿ ಬಿದ್ದ. ಮೇಲೆ ಬರುತ್ತಿದ್ದ ಕಾರು ಬ್ರೇಕು ಹಾಕಿತು. ಅಷ್ಟೇ ಆದದ್ದು. ಸಂಜೆ ಅವಳು ಅಂಗೈಗೆ ಔಷಧ ಹಚ್ಚುವಾಗ ಅವನು ಗೋಡೆಯ ಕಡೆ ಮುಖ ಮಾಡಿ ಹೇಳಿದ್ದ: "ಅಲ್ಲಿ ನಿಲ್ಲಿ ಅಂತ ಒಂದು ಸಾಲು ಇತ್ತು ಕಣೇ. ಹೋದ ವಾರ ಕೇಳಿದೀನಿ. ಇವತ್ತು ಫೋನು ಓದ್ತೋ ಇಲ್ವೋ, ನನಗಂತೂ ಕೇಳ್ಲಿಲ್ಲ. ಕಣ್ಣಾಯ್ತು, ಈಗ ತಲೇನೂ ಕೈಕೊಡ್ತಾ ಇದೆ ಅಂತ ಕಾಣತ್ತೆ." ಆಮೇಲೆ ಕೋಲನ್ನು ಮಡಿಸಿ ಅತ್ತಿಗೆಯ ಕೈಗೆ ಕೊಟ್ಟು ಬೀರುವಿನ ಮೇಲೆ ಇಡಿಸಿದ್ದ. ಸ್ಟೂಲು ಹತ್ತಿದರೆ ಮಾತ್ರ ಸಿಗುವ ಜಾಗ. ಹತ್ತಿಯ ಮೇಲೆ ಔಷಧ ಸುರಿದುಕೊಂಡು ಅವಳು ಸುಮ್ಮನಿದ್ದಳು. ಆ ಸಾಲನ್ನು ತೆಗೆದು ಹಾಕಿದವಳು ಅವಳೇ.

ಶನಿವಾರ ಅರ್ಧ ದಿನ ರಜೆ ಇತ್ತು. ಅಣ್ಣ ಬುಧವಾರ ಒಬ್ಬನೇ ಹೋಗುತ್ತಾನೆ ಎಂದು ಅತ್ತಿಗೆ ಹೇಳಿದ ಮೇಲೆ, ಅವನಿಗೆ ದಾರಿ ಹೇಳುವ ಆ ತಾಣ ಹೇಗಿದೆಯೋ ನೋಡೋಣ ಎಂದು ಕೂತಿದ್ದಳು. ದಾರಿಪುಟ ಎಂದು ಅದರ ಹೆಸರು. ಕಣ್ಣು ಕಾಣದವರು ಊರಿನಲ್ಲಿ ನಡೆಯುವುದಕ್ಕಾಗಿ, ಯಾರು ಬೇಕಾದರೂ ಬರೆಯಬಹುದಾದ, ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದಾದ ತಾಣ. ಯಾರು ಬೇಕಾದರೂ ಎಂಬ ಮಾತು ಕೇಳಿಯೇ ಅವಳ ಮೈ ಉರಿದಿತ್ತು. ಒಳಗೆ ಹೋಗಿ ನೋಡಿದರೆ ಅನುಮಾನ ನಿಜವಾಯಿತು. ಒಬ್ಬರು ದಯವಿಟ್ಟು ಎನ್ನುತ್ತಾರೆ, ಇನ್ನೊಬ್ಬರು ಅನ್ನುವುದಿಲ್ಲ, ಒಂದೇ ಕಂಬ ಒಂದು ಪುಟದಲ್ಲಿ ಕಂಬ, ಇನ್ನೊಂದರಲ್ಲಿ ಕಬ್ಬಿಣದ್ದು. ಕರಡು ಎಂದು ತನಗೊಂದು ಹೆಸರಿಟ್ಟುಕೊಂಡು ತಿದ್ದಲು ಕೂತಳು. ಬರೆಯುವ ಮುನ್ನ ಓದಿ ಎಂದು ಒಂದು ಪುಟವಿತ್ತು. ಓದಿದಳು. ಅದರಲ್ಲಿ ಎರಡು ಕಾಗುಣಿತದ ತಪ್ಪು ಸಿಕ್ಕವು, ಸರಿ ಮಾಡಿದಳು. ಉಳಿದದ್ದೇನೂ ತಲೆಗೆ ಹೋಗಲಿಲ್ಲ. ಆಮೇಲೆ ಅಣ್ಣನ ದಾರಿಯ ಪುಟ ತೆಗೆದಳು. ಚೆನ್ನಾಗಿಯೇ ಇತ್ತು. ಬಸ್ಸಿಳಿದು ರಸ್ತೆಗೆ ಬೆನ್ನು ಮಾಡಿ, ಎಡಕ್ಕೆ ತಿರುಗಿ, ಗೋಡೆಯನ್ನು ಬಲಗೈಗೆ ಇಟ್ಟುಕೊಳ್ಳಿ. ನಡುವೆ ಒಂದು ಕಡೆ ಹೀಗಿತ್ತು: 'ಇಲ್ಲಿ ನಿಮ್ಮ ಹೆಜ್ಜೆಯ ಸದ್ದು ನಿಮ್ಮನ್ನು ಬಿಟ್ಟುಹೋಗುತ್ತದೆ. ಅಲ್ಲೇ ನಿಲ್ಲಿ.' ಅವಳಿಗೆ ನಗು ಬಂತು. ಹೆಜ್ಜೆಯ ಸದ್ದಂತೆ, ಬಿಟ್ಟುಹೋಗುವುದಂತೆ. ಯಾರೋ ಕವಿತೆ ಬರೆಯುವ ಚಪಲದವರು ದಾರಿ ಹೇಳುವ ಜಾಗದಲ್ಲಿ ನುಗ್ಗಿದ್ದಾರೆ ಎಂದುಕೊಂಡಳು. ಇಂಥವನ್ನು ಎಷ್ಟು ಹೊಡೆದುಹಾಕಿಲ್ಲ ಅವಳು! ಎರಡೂ ವಾಕ್ಯ ತೆಗೆದಳು. ಕಾರಣ ಬರೆಯಿರಿ ಎಂದು ಕೇಳಿದ ಸಣ್ಣ ಪೆಟ್ಟಿಗೆಯಲ್ಲಿ 'ಅಲಂಕಾರ. ಮಾಹಿತಿ ಇಲ್ಲ' ಎಂದು ಬರೆದಳು. ಅಣ್ಣನಿಗೆ ಒಂದು ಉಪಕಾರ ಮಾಡಿದ ಸಮಾಧಾನದಲ್ಲಿ ಚಹಾ ಮಾಡಿಕೊಂಡು ಕುಡಿದಳು.

ಡ್ರಾಯರು ಎಳೆದು ಫೋನನ್ನು ಮತ್ತೆ ನೋಡಿದಳು. ಪ್ರತಿ ಪುಟದ ಹಿಂದೆ ಮಾತುಕತೆಗೆಂದು ಇನ್ನೊಂದು ಪುಟವಿರುತ್ತದೆ, ಪ್ರಶ್ನೆ ಅಲ್ಲಿತ್ತು. ಬರೆದವರು ತಮ್ಮನ್ನು ಮೂರನೇ ಮಹಡಿ ಎಂದು ಕರೆದುಕೊಂಡಿದ್ದರು. 'ಕರಡು ಅವರಿಗೆ ನಮಸ್ಕಾರ. ನೀವು ನಮ್ಮಲ್ಲಿ ಹೊಸಬರು ಅನ್ನಿಸುತ್ತದೆ, ಬಂದದ್ದು ಸಂತೋಷ. ಪಾರ್ಕಿಂಗಿನ ಹತ್ತಿರದ ಸಾಲು ತೆಗೆದಿದ್ದೀರಿ. ನೀವು ಅಲ್ಲಿ ಈಚೆಗೆ ನಡೆದು ನೋಡಿರಬೇಕು. ಇಳಿಜಾರನ್ನು ಮುಚ್ಚಿ ಗೋಡೆಯನ್ನು ಮುಂದಕ್ಕೆ ಕಟ್ಟಿದ್ದಾರೆಯೇ? ಹಾಗಿದ್ದರೆ ದೊಡ್ಡ ಉಪಕಾರವಾಯಿತು, ಆ ಜಾಗ ನಮಗೆಲ್ಲ ಭಯ. ನಾಳೆ ಬೆಳಿಗ್ಗೆ ಎಂಟಕ್ಕೆ ನಾನು ಆ ದಾರಿಯಲ್ಲಿ ಹೋಗಬೇಕಿದೆ, ಅದಕ್ಕೆ ಕೇಳುತ್ತಿದ್ದೇನೆ. ನಿಮ್ಮ ಬಿಡುವಿನಲ್ಲಿ ತಿಳಿಸಿ.' ನಿಮ್ಮ ಬಿಡುವಿನಲ್ಲಿ ಎಂಬುದನ್ನು ಓದಿದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತಿತ್ತು. ಸಾಲು ತೆಗೆದದ್ದನ್ನು ನೋಡಿ ಇವರು ಯಾರೋ ತಲೆಹರಟೆ ಎಂದುಕೊಳ್ಳಲಿಲ್ಲ, ಗೋಡೆಯೇ ಬದಲಾಗಿರಬೇಕು ಎಂದುಕೊಂಡರು. ಅವಳು ತಪ್ಪು ಮಾಡಿದ್ದಾಳೆ ಎಂದು ನಂಬುವುದಕ್ಕಿಂತ ಕಟ್ಟಡದವರು ಗೋಡೆ ಒಡೆದು ಕಟ್ಟಿದ್ದಾರೆ ಎಂದು ನಂಬುವುದು ಅವರಿಗೆ ಸುಲಭವಾಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಒಬ್ಬ ಬರಹಗಾರನ ಬಗ್ಗೆಯೂ ಹೀಗೆ ಯೋಚಿಸಿರಲಿಲ್ಲ. ಬರೆದವರು ಎಡವಿರುತ್ತಾರೆ ಎಂದು ನಂಬುವುದೇ ಅವಳ ಸಂಬಳದ ಕೆಲಸ.

ಆಗ ಆ ಬರೆಯುವ ಮುನ್ನದ ಪುಟವನ್ನು ನಿಜವಾಗಿ ಓದಿದಳು. ಉದ್ದವೇನಿರಲಿಲ್ಲ. ನಡೆಯದೆ ಬರೆಯಬೇಡಿ, ನಡೆಯದೆ ಅಳಿಸಲೂ ಬೇಡಿ ಎಂದಿತ್ತು. ಒಂದು ಸಾಲು ಅರ್ಥವಾಗದಿದ್ದರೆ ಅದನ್ನು ಬರೆದವರು ನಿಮಗಿಂತ ಹೆಚ್ಚು ಸಲ ಅಲ್ಲಿ ನಿಂತಿರಬಹುದು, ಕೇಳಿ, ಏಳು ದಿನ ಕಾಯಿರಿ ಎಂದಿತ್ತು. ಅಳಿಸಿದ್ದನ್ನು ಮತ್ತೆ ಹಾಕುವವರೂ ಮೊದಲು ನಡೆಯಬೇಕು. ನಡೆಯುವವರ ಜತೆಗೆ ಇನ್ನೊಬ್ಬರು ಹೋದರೆ ಬಾಯಿ ಬಿಡಬಾರದು, ಏಕೆಂದರೆ ನಾಳೆ ಅಲ್ಲಿ ಬರುವವರ ಜತೆ ಅವರಿರುವುದಿಲ್ಲ. ಅವಳು ತಿದ್ದಿದ ಎರಡು ಕಾಗುಣಿತ ಹೊಳೆಯುತ್ತ ಅಲ್ಲೇ ಕೂತಿದ್ದವು. ಅದಕ್ಕೂ ಯಾರೋ ಧನ್ಯವಾದ ಹೇಳಿದ್ದರು.

ಸಾಲಿನ ಹಿಂದೆ ಏನಿತ್ತು ನೋಡಿ ಎಂಬ ಒಂದು ಗುಂಡಿ ಇತ್ತು. ಒತ್ತಿದಳು. ಪುಟ ಕೆಳಗೆ ಕೆಳಗೆ ಹೋಗತೊಡಗಿತು. ಆರು ವರ್ಷದ ಹಿಂದೆ ಯಾರೋ ಮೊದಲು ಬರೆದದ್ದು, 'ಇಲ್ಲಿ ಗೋಡೆ ಮುಗಿಯುತ್ತದೆ, ಹುಷಾರು.' ಅದರ ಕೆಳಗೆ ಇನ್ನೊಬ್ಬರು: 'ಗೋಡೆ ಮುಗಿದದ್ದು ಕೋಲಿಗೆ ತಿಳಿಯುವಷ್ಟರಲ್ಲಿ ಕಾಲು ಇಳಿಜಾರಿನಲ್ಲಿರುತ್ತದೆ. ನಾನು ಬಿದ್ದೆ. ಮೊದಲೇ ಗೊತ್ತಾಗುವ ಗುರುತು ಬೇಕು.' ಆಮೇಲೆ ನಲವತ್ತೊಂದು ಹೆಜ್ಜೆ ಎಂದು ಒಬ್ಬರು ಬರೆದರು. ನಾನು ಗಿಡ್ಡ, ನನಗೆ ಐವತ್ತಮೂರು ಎಂದು ಇನ್ನೊಬ್ಬರು ಅದನ್ನು ತೆಗೆಸಿದರು. ಗಾಳಿ ಬಡಿಯುತ್ತದೆ ಎಂದು ಬಂತು. ನಾಲ್ಕು ದಿನ ಹೋಗಿ ನಿಂತೆ, ಎರಡು ದಿನ ಗಾಳಿ ಇರಲಿಲ್ಲ ಎಂದು ಅದೂ ಹೋಯಿತು. ಪೆಟ್ರೋಲಿನ ವಾಸನೆ ಎಂದರೆ, ನೆಗಡಿಯಾದವರು ಏನು ಮಾಡಬೇಕು ಎಂದು ಯಾರೋ ತಮಾಷೆ ಮಾಡಿದ್ದರು. ಪ್ರತಿಧ್ವನಿ ನಿಲ್ಲುತ್ತದೆ ಎಂಬ ಮಾತು ಒಂದು ವರ್ಷ ಉಳಿದಿತ್ತು. ಅದಕ್ಕೊಬ್ಬ ತಾಯಿ ಬರೆದಿದ್ದಳು, ನನ್ನ ಮಗಳಿಗೆ ಆ ಪದ ತಿಳಿಯಲಿಲ್ಲ, ಮಗು ಒಬ್ಬಳೇ ಹೋಗುವ ದಾರಿ ಇದು. ಹಾಗಾದರೆ ಸದ್ದು ಕಡಿಮೆಯಾಗುತ್ತದೆ ಅನ್ನೋಣವೇ? 'ಕಡಿಮೆಯಾಗುವುದಿಲ್ಲ. ಗೋಡೆಗೆ ಬಡಿದು ನಮ್ಮ ಪಕ್ಕದಲ್ಲೇ ಜತೆಗೆ ಬರುತ್ತಿದ್ದದ್ದು ಬಿಟ್ಟುಹೋಗುತ್ತದೆ. ಎರಡು ಹೆಜ್ಜೆ ಮುಂಚೆಯೇ ಗೊತ್ತಾಗುತ್ತದೆ.' ಹೀಗೆ ಸಾಲು ಹುಟ್ಟಿತ್ತು. ಅದಾದ ಮೇಲೂ ಬಿಟ್ಟಿರಲಿಲ್ಲ. ಮಳೆಯಲ್ಲಿ ನಡೆದೆ, ಕೊಡೆ ಹಿಡಿದರೆ ಕೇಳುವುದಿಲ್ಲ, ಮಡಿಸಿದರೆ ಕೇಳುತ್ತದೆ. ನನಗೆ ಬಲಗಿವಿ ಕೇಳುವುದಿಲ್ಲ, ತಲೆ ಸ್ವಲ್ಪ ತಿರುಗಿಸಿ ನಡೆದೆ, ಸರಿ ಇದೆ. ರಬ್ಬರಿನ ಅಟ್ಟೆಯ ಶೂಗೂ ಸರಿ. ನಡೆದು ನೋಡಿದೆ, ಸರಿ. ನಡೆದು ನೋಡಿದೆ, ಸರಿ. ಎಣಿಸಿದಳು. ಹತ್ತೊಂಬತ್ತು ಜನ. ಒಬ್ಬರ ಮುಖ ಇನ್ನೊಬ್ಬರು ಕಂಡವರಲ್ಲ, ಕಾಣುವವರೂ ಅಲ್ಲ.

ಅವಳ ಎದೆಯಲ್ಲಿ ಏನೋ ಸಡಿಲವಾಯಿತು. ಗೌರವ ಎನ್ನುವುದಕ್ಕಿಂತ ದೊಡ್ಡದು, ಭಯಕ್ಕೆ ಹತ್ತಿರದ್ದು. ಚಿಕ್ಕವಳಿದ್ದಾಗ ಅಣ್ಣ ಅವಳನ್ನು ಒಂದು ಅಣೆಕಟ್ಟಿನ ಮೇಲೆ ನಿಲ್ಲಿಸಿ, ಕೈ ಹಿಡಿದುಕೊಂಡು, ಕೆಳಗೆ ನೋಡು ಎಂದಿದ್ದ. ಅವತ್ತು ಬಾಯಿ ಒಣಗಿದ ಹಾಗೆ ಇವತ್ತೂ ಒಣಗಿತು. ಕರಡು ತಿದ್ದುವುದು ಎಂದರೆ ಇದು. ಅವಳು ಇಷ್ಟು ವರ್ಷ ಮಾಡಿದ್ದು ಅಕ್ಷರಗಳಿಗೆ ಬೆನ್ನು ನೆಟ್ಟಗೆ ಮಾಡಿಸುವ ಕೆಲಸ. ಇವರು ಎರಡು ವಾಕ್ಯಕ್ಕಾಗಿ ಮಳೆಯಲ್ಲಿ ಕೊಡೆ ಮಡಿಸಿಕೊಂಡು ನಿಂತಿದ್ದಾರೆ. ಅದನ್ನು ಅವಳು ಅಲಂಕಾರ ಅಂದಳು. ತೆಗೆದುಹಾಕಿ, ಎದ್ದು ಹೋಗಿ ಒಂದು ಲೋಟ ಚಹಾ ಕುಡಿದಳು. ಲೋಟ ಯಾವುದು ಎಂಬುದೂ ನೆನಪಾಯಿತು, ಅಂಚು ಒಡೆದದ್ದು. ಅಯ್ಯೋ ಎಂದಳು. ಪುಟ ಕಟ್ಟುವವನು ತಿರುಗಿ ನೋಡಿದ.

ಉತ್ತರ ಬರೆಯಲು ಕೂತಳು. ಬರೆದದ್ದು ಹದಿನಾಲ್ಕು ಸಾಲಾಯಿತು. ತಾನು ಯಾರು, ತನ್ನ ಅನುಭವ ಎಷ್ಟು ವರ್ಷದ್ದು, ಉದ್ದೇಶ ಒಳ್ಳೆಯದೇ ಇತ್ತು, ಹೊಸಬಳು, ತಾಣದ ರೀತಿ ಗೊತ್ತಿರಲಿಲ್ಲ. ಓದಿದಳು. ಬೇರೆಯವರ ಬರಹದಲ್ಲಾಗಿದ್ದರೆ ಹೊಡೆದುಹಾಕುತ್ತಿದ್ದಳು. ಇದರಲ್ಲಿ ಅವಳು ಬಿಟ್ಟರೆ ಇನ್ನೇನೂ ಇರಲಿಲ್ಲ. ಅಳಿಸಿ, 'ಗೋಡೆ ಬದಲಾಗಿಲ್ಲ. ಇಳಿಜಾರು ಹಾಗೆಯೇ ಇದೆ. ನಾನು ನಡೆಯದೆ ತೆಗೆದೆ. ಸಂಜೆಯೊಳಗೆ ಸರಿ ಮಾಡಿಸುತ್ತೇನೆ' ಎಂದಷ್ಟೇ ಬರೆದಳು. ಕಳಿಸುವ ಗುಂಡಿ ಒತ್ತುವ ಮುಂಚೆ ಬೆರಳು ನಿಂತಿತು. ಅಣ್ಣ ಈ ಪುಟ ಕೇಳುತ್ತಾನೆ. ಆ ಯಂತ್ರದ ದನಿ ಏರಿಳಿತವಿಲ್ಲದೆ ಅವನಿಗೆ ಕರಡು ಎಂಬ ಹೆಸರನ್ನು ಓದಿ ಹೇಳುತ್ತದೆ. ಊರಿನಲ್ಲಿ ಆ ಹೆಸರು ಇನ್ಯಾರು ಇಟ್ಟುಕೊಳ್ಳುತ್ತಾರೆ? ಯಂತ್ರದ ಬಾಯಿಂದ ಕೇಳುವುದಕ್ಕಿಂತ... ಒತ್ತಿಯೇಬಿಟ್ಟಳು. ಒತ್ತಿದ ಮೇಲೆ ಕೂರಲಾಗಲಿಲ್ಲ.

"ಹದಿನೇಳನೇ ಪುಟ ನೀನೇ ಒಂದ್ಸಲ ನೋಡಿಬಿಡಪ್ಪ. ನಾನು ಮನೆಗೆ ಹೋಗ್ಬೇಕು" ಎಂದಳು.

"ನಾನಾ? ನೀವು ನೋಡದ ಪುಟ ನಾನು ಮುಟ್ಟಿದ್ರೆ ನಾಳೆ ನನ್ನ ಕೈ ಇರತ್ತಾ?" ಎಂದು ಅವನು ಕಣ್ಣರಳಿಸಿದ.

"ಇರತ್ತೆ. ನೋಡು" ಎಂದು ಚೀಲ ಹೆಗಲಿಗೆ ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ಅವನು ಸಾಲನ್ನು ಗಟ್ಟಿಯಾಗಿ ಓದಿಕೊಳ್ಳುವುದು ಕೇಳಿಸಿತು.

ಅಣ್ಣ ಅತ್ತಿಗೆ ಇರುವುದು ಕೆಳಗಿನ ಎರಡು ಕೋಣೆಯಲ್ಲಿ, ಅವಳು ಮಹಡಿಯ ಮೇಲೆ. ಅತ್ತಿಗೆ ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಯಾರದೋ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. "ಏನಮ್ಮ, ಇಷ್ಟು ಬೇಗ? ಊರಲ್ಲಿರೋ ತಪ್ಪೆಲ್ಲ ಮುಗೀತಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮಣ್ಣ ಬೆಳಿಗ್ಗೆಯಿಂದ ಎದ್ದಿಲ್ಲ. ಕರೆದ್ರೆ ಹೂಂ ಅಂತಾರೆ. ಇನ್ನೆರಡು ವರ್ಷ ಇದೇ ಆಗತ್ತೇನೋ ಅಂತ ನನಗೆ ಭಯ" ಎಂದಳು. ಅಣ್ಣ ಹಾಸಿಗೆಯ ಅಂಚಿನಲ್ಲಿ, ಸ್ಟೀರಿಂಗಿನ ಮುಂದೆ ಕೂರುವ ಹಾಗೆ ನೆಟ್ಟಗೆ ಕೂತಿದ್ದ. ಅಂಗೈಯ ಪಟ್ಟಿ ಕೊಳೆಯಾಗಿತ್ತು. ಅವಳ ಹೆಜ್ಜೆ ಕೇಳಿ ಮುಖ ಎತ್ತಿದ. ಹೇಳಲು ಏನೇನೋ ಜೋಡಿಸಿಕೊಂಡು ಬಂದಿದ್ದಳು, ಬಸ್ಸಿನಲ್ಲಿ ಎರಡು ಸಲ ತಿದ್ದಿಯೂ ಇದ್ದಳು. ಎಲ್ಲ ಮರೆತುಹೋಯಿತು.

"ಅಣ್ಣ, ಆ ಸಾಲು ನಿನ್ನೆ ಇರಲಿಲ್ಲ. ನಾನು ಶನಿವಾರ ತೆಗೆದುಹಾಕಿದ್ದೆ."

ಹೊಲಿಗೆ ಯಂತ್ರ ನಿಂತಿತು. ಅಣ್ಣನ ಬೆರಳು ಪಟ್ಟಿಯ ಅಂಚನ್ನು ಹುಡುಕಿ ಹಿಡಿದುಕೊಂಡು, ಮತ್ತೆ ಬಿಟ್ಟಿತು.

"ಇರ್ಲೇ ಇಲ್ವಾ?"

"ಇರಲಿಲ್ಲ."

"ಹಾಗಾದ್ರೆ ನಾನು ಕೇಳಿಸ್ಕೊಂಡಿದ್ದು ಸರಿಯಾಗೇ ಇತ್ತು." ಉಸಿರನ್ನು ಹೊರಗೆ ಬಿಟ್ಟ. ಹೆಗಲು ಇಳಿಯಿತು. ಒಂದು ಗಳಿಗೆ ಅವನು ನಗುತ್ತಾನೆ ಎಂದುಕೊಂಡಳು. ನಗಲಿಲ್ಲ. "ನಿನ್ನೆ ಸಂಜೆ ನನ್ನ ಕೈಗೆ ಔಷಧ ಹಚ್ಚೋವಾಗ ನಿನಗಿದು ಗೊತ್ತಿತ್ತು."

"ಗೊತ್ತಿತ್ತು."

"ಬಿದ್ದಿದ್ದು ಏನೂ ಅಲ್ಲ ಕಣೇ. ಚರ್ಮ ಬರತ್ತೆ. ನನ್ನ ತಲೆ ಕೆಟ್ಟಿದೆ ಅಂತ ನಾನು ನಂಬಿಬಿಟ್ಟಿದ್ದೆ. ಬೆಳಗಿನಿಂದ ಕೂತ್ಕೊಂಡು, ನನಗೆ ಇನ್ನೂ ಏನೇನು ನೆನಪಿದೆ ಅಂತ ಒಂದೊಂದೇ ಪರೀಕ್ಷೆ ಮಾಡ್ತಾ ಇದ್ದೆ. ಹಳೇ ರೂಟಿನ ಸ್ಟಾಪ್‌ಗಳೆಲ್ಲ ಹೇಳಿಕೊಂಡೆ. ನಲವತ್ತೆರಡು ಸ್ಟಾಪು. ಒಂದೂ ತಪ್ಪಲಿಲ್ಲ. ಆದ್ರೂ ನನ್ನ ಮೇಲೆ ನನಗೆ ನಂಬಿಕೆ ಬರಲಿಲ್ಲ." ಅವನ ದನಿ ಏರಲಿಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ತಪ್ಪಾಯ್ತು ಎಂದಳು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, ಬಯ್ಯಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ, ಸಮವಸ್ತ್ರದ ತೋಳನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು. ನಾಳೆ ಬೆಳಿಗ್ಗೆ ಎಂಟಕ್ಕೆ ಒಬ್ಬರು ಆ ದಾರಿಯಲ್ಲಿ ಹೋಗುತ್ತಾರೆ, ನಡೆಯದೆ ಸಾಲನ್ನು ಮತ್ತೆ ಹಾಕುವ ಹಾಗಿಲ್ಲ ಎಂದು ಅವಳು ಹೇಗೋ ಹೇಳಿ ಮುಗಿಸಿದಳು. ಅಣ್ಣ ಎದ್ದು ನಿಂತ. "ಕೋಲು ಇಳಿಸು" ಎಂದ ಹೆಂಡತಿಗೆ. ಅತ್ತಿಗೆ ಸ್ಟೂಲಿಗೂ ಕಾಯದೆ ಮಂಚದ ಮೇಲೇ ಹತ್ತಿದಳು.

ಅಂಚೆ ಕಚೇರಿಯ ಸ್ಟಾಪಿಗೆ ಇಬ್ಬರೂ ಬಸ್ಸು ಹಿಡಿದರು. ಇಳಿದ ಮೇಲೆ ಅಣ್ಣ, "ನೀನು ಹಿಂದೆ ಬಾ. ಆರು ಹೆಜ್ಜೆ ಹಿಂದೆ. ಮೇಷ್ಟ್ರಿಗೆ ಹೇಳಿದ್ದೇ ನಿನಗೂ ಹೇಳ್ತೀನಿ, ನಾನು ಸತ್ರೂ ಬಾಯಿ ಬಿಡಬಾರದು" ಎಂದ. ಫೋನನ್ನು ಜೇಬಿಗೆ ಹಾಕಿಕೊಂಡು ಇಯರ್‌ಫೋನನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡ. ರಸ್ತೆಗೆ ಬೆನ್ನು ಮಾಡಿದ, ಎಡಕ್ಕೆ ತಿರುಗಿದ. ನಾಲ್ಕು ಗಂಟೆಯ ಬಿಸಿಲು. ಅಂಚೆ ಕಚೇರಿ, ಬೀಗ ಹಾಕಿದ ಒಂದು ಅಂಗಡಿ, ಗಾಜಿನ ಬಾಗಿಲಿನ ದಂತವೈದ್ಯರ ಮನೆ. ಅವಳು ಈ ರಸ್ತೆಯಲ್ಲಿ ನೂರು ಸಲ ಓಡಾಡಿದ್ದಳು, ಬೋರ್ಡುಗಳಲ್ಲಿನ ತಪ್ಪುಗಳೆಲ್ಲ ಅವಳಿಗೆ ಬಾಯಿಪಾಠ. ಅಣ್ಣನ ಕೋಲು ಎಡಕ್ಕೆ ಬಲಕ್ಕೆ ನೆಲ ಮುಟ್ಟುತ್ತ ಹೋಗುತ್ತಿತ್ತು. ನಿಲ್ಲಿಸಿದ ಒಂದು ಸೈಕಲ್ಲನ್ನು ಅವನು ಮುಟ್ಟದೆಯೇ ಬಳಸಿಕೊಂಡ. ಹೇಗೆ ಗೊತ್ತಾಯಿತೋ ಅವಳಿಗೆ ತಿಳಿಯಲಿಲ್ಲ. ಎದುರು ಬಂದ ಹೆಂಗಸೊಬ್ಬಳು ಗಾಬರಿಯಿಂದ ಅವನ ತೋಳು ಹಿಡಿಯಲು ಹೋಗಿ, ಅವನು ಥ್ಯಾಂಕ್ಸಮ್ಮ ಎಂದು ಮುಂದೆ ಹೋದದ್ದು ಕಂಡು ಪೆಚ್ಚಾದಳು. ಉದ್ದನೆಯ ಗೋಡೆ ಶುರುವಾಯಿತು. ಬೂದು ಬಣ್ಣದ, ಕಿಟಕಿಯಿಲ್ಲದ ಗೋಡೆ. ಅದರ ಕೊನೆಯಲ್ಲಿ ಇಳಿಜಾರಿನ ಬಾಯಿ ಅವಳಿಗೆ ದೂರದಿಂದಲೇ ಕಂಡಿತು.

ಅವನಿಗೂ ಆ ಬಾಯಿಗೂ ಹತ್ತು ಹೆಜ್ಜೆ ಇತ್ತು. ಎಂಟು. ಒಳಗಿನಿಂದ ಕಾರಿನ ಸದ್ದು ಮೇಲೇರುತ್ತಿತ್ತು. ಅಣ್ಣಾ ಎಂದು ಕೂಗಲು ಅವಳು ಬಾಯಿ ತೆರೆದಳು. ಬದುಕಿನಲ್ಲಿ ಒಂದು ಸಲವೂ ತಪ್ಪಾಗುವುದನ್ನು ನೋಡಿ ಅವಳು ಬಾಯಿ ಮುಚ್ಚಿಕೊಂಡಿದ್ದಿಲ್ಲ. ಕೂಗಿದರೆ ಅವನು ನಿಲ್ಲುತ್ತಾನೆ. ಆದರೆ ನಾಳೆ ಎಂಟಕ್ಕೆ ಬರುವವರಿಗೆ ಕೂಗುವವರಿಲ್ಲ, ಆ ತಾಯಿಯ ಮಗಳಿಗೂ ಇಲ್ಲ. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಳು. ಐದು. ಮೂರು. ಎರಡು. ಅಣ್ಣ ನಿಂತ. ಕೋಲು ಇನ್ನೂ ಗೋಡೆಯನ್ನೇ ಮುಟ್ಟುತ್ತಿತ್ತು, ಗೋಡೆ ಇನ್ನೂ ಎರಡು ಹೆಜ್ಜೆ ಇತ್ತು, ಅವನು ನಿಂತುಬಿಟ್ಟಿದ್ದ. ಕಾರು ಬಾಯಿಂದ ಹೊರಗೆ ಬಂದು ಅವನ ಮುಂದೆ ಹಾದು ರಸ್ತೆ ಸೇರಿತು. ಅವನು ಗೋಡೆ ಬಿಟ್ಟು ಸ್ವಲ್ಪ ಎಡಕ್ಕೆ ಸರಿದು, ರಸ್ತೆಯ ಸದ್ದಿಗೆ ಎಡಗಿವಿ ಕೊಟ್ಟು, ನೇರ ನಡೆದು ಆಚೆ ಬದಿಯ ಗೋಡೆಯನ್ನು ಕೋಲಿನಿಂದ ಮುಟ್ಟಿದ. ಅಣ್ಣ ಎಂದರೆ ತಾನು ನೋಡಿಕೊಳ್ಳಬೇಕಾದವನು ಎಂದು ಈ ಮೂರು ವರ್ಷ ನಂಬಿದ್ದವಳು, ಫುಟ್‌ಪಾತಿನ ಮೇಲೆ ನಿಂತು, ಅವನನ್ನು ಈಗ ಮೊದಲ ಸಲ ನೋಡುತ್ತಿರುವವಳ ಹಾಗೆ ನೋಡಿದಳು.

"ಕೇಳಿಸ್ತಾ?" ಎಂದು ಆಚೆಯಿಂದ ಕೂಗಿದ.

ಕೇಳಿಸಿತು ಎನ್ನಬಹುದಿತ್ತು. "ಇಲ್ಲ" ಎಂದಳು.

"ನೀನು ಕಾರು ನೋಡ್ತಾ ಇದ್ದೆ, ಅಲ್ವಾ?" ಎಂದು ಅವನು ನಕ್ಕ. ನಿನ್ನೆಯಿಂದ ಮೊದಲ ನಗು. "ಗೋಡೆ ಶುರುವಿಗೆ ಹೋಗು. ಈ ಸಲ ನೀನು. ನಾನು ಬಾಯಿ ಬಿಡಲ್ಲ."

ಹೋದಳು. ದಾರಿಯಲ್ಲಿ ಹೋಗುವವರು ಏನೆಂದುಕೊಳ್ಳುತ್ತಾರೆ ಎಂದು ಒಮ್ಮೆ ಅನ್ನಿಸಿತು. ಐವತ್ತೈದು ವರ್ಷದ ಹೆಂಗಸು, ಕನ್ನಡಕ ತೆಗೆದು ಚೀಲಕ್ಕೆ ಹಾಕಿ, ಕಣ್ಣು ಮುಚ್ಚಿಕೊಂಡು. ಬಲಗೈಯನ್ನು ಗೋಡೆಗೆ ಇಟ್ಟ ಕೂಡಲೇ ಅದರ ಬಿಸಿ ಅಂಗೈಗೆ ಹತ್ತಿತು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ನೆಲ ವಾಲಿದಂತಾಗಿ ಕಣ್ಣು ತೆರೆದಳು. ಮತ್ತೆ ಶುರುವಿಗೆ ಹೋದಳು. ಈ ಸಲ ತೆರೆಯಲಿಲ್ಲ. ಮೊದಲು ರಸ್ತೆಯೊಂದೇ ಕೇಳುತ್ತಿತ್ತು, ಆಮೇಲೆ ತನ್ನ ಉಸಿರು. ಆಮೇಲೆ ನಿಧಾನವಾಗಿ, ಬಲಗಡೆ, ಭುಜದಷ್ಟು ಹತ್ತಿರದಲ್ಲಿ, ಯಾರೋ ಜತೆಗೆ ನಡೆಯುತ್ತಿರುವುದು ಕೇಳಿಸಿತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ಅವಳದೇ ಚಪ್ಪಲಿ, ಗೋಡೆಗೆ ಬಡಿದು ಅವಳಿಗೇ ವಾಪಸು ಬರುತ್ತಿತ್ತು. ಹುಟ್ಟಿದಾಗಿನಿಂದ ಪ್ರತಿ ಗೋಡೆಯ ಬದಿಯಲ್ಲೂ ಇದು ಅವಳ ಜತೆ ಬಂದಿರಬೇಕು, ಒಂದು ದಿನವೂ ತಿರುಗಿ ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ನಡೆದಳು. ಎಷ್ಟು ಹೆಜ್ಜೆಯೋ ಎಣಿಸಲಿಲ್ಲ. ಕೈ ಇನ್ನೂ ಬಿಸಿ ಗೋಡೆಯ ಮೇಲೆಯೇ ಇತ್ತು, ಯಾವ ಅಡ್ಡಿಯೂ ಇರಲಿಲ್ಲ, ಆಗ ಆ ಜತೆಗಾರ ಹೊರಟುಹೋದ. ಬಲಗಡೆ ಖಾಲಿಯಾಯಿತು. ಆರು ವರ್ಷ, ಹತ್ತೊಂಬತ್ತು ಜನ ಹೇಳಿದ್ದು ಒಂದು ಅಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ. ಅಲ್ಲೇ ನಿಂತಳು.

ಕಣ್ಣು ತೆರೆದಾಗ ಇಳಿಜಾರಿನ ಅಂಚು ಎರಡು ಹೆಜ್ಜೆ ಮುಂದಿತ್ತು. ಆಚೆ ಬದಿಯಲ್ಲಿ ಅಣ್ಣ ಮಾತಿಗೆ ತಕ್ಕ ಹಾಗೆ ಬಾಯಿ ಮುಚ್ಚಿಕೊಂಡು, ಕೋಲಿನ ಮೇಲೆ ಎರಡೂ ಕೈ ಇಟ್ಟು, ಅವಳ ಹೆಜ್ಜೆಯನ್ನು ಕೇಳುತ್ತಿದ್ದ. ಅವಳು ದಾಟಿ ಹೋಗಿ ಗೋಡೆಗೆ ಒರಗಿ ಫೋನು ತೆಗೆದಳು. "ಏನಂತ ಬರೀಲಿ?" ಎಂದಳು. ಇಷ್ಟು ವರ್ಷದಲ್ಲಿ ಅವಳು ಯಾರನ್ನೂ ಹಾಗೆ ಕೇಳಿದ್ದಿಲ್ಲ. "ಇದ್ದಿದ್ದನ್ನ ಇದ್ದ ಹಾಗೇ ಬರಿ" ಎಂದ ಅಣ್ಣ. ಬರೆದಳು. ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರವಾಗಿ ಓದಿದಳು. ತಿದ್ದುವಂಥದ್ದು ಏನೂ ಇರಲಿಲ್ಲ. ಕೆಳಗೆ ಕಾರಣ ಬರೆಯಿರಿ ಎಂಬ ಸಣ್ಣ ಪೆಟ್ಟಿಗೆ ಕಾಯುತ್ತಿತ್ತು. ಅದರಲ್ಲಿ ಅವಳು ಬರೆದಳು: 'ತೆಗೆದವಳು ನಾನೇ. ಆಗ ನಡೆದಿರಲಿಲ್ಲ. ಈಗ ಅಣ್ಣನೂ ನಾನೂ ನಡೆದು ನೋಡಿದೆವು. ಸರಿ.'